ಯಾರೂ ಸತ್ತಿಲ್ಲ

ನಮ್ಮ ಆಲ್ಬಮ್ಮಿನಲ್ಲಿ ಒಂದು ಬಿಟ್ಟು ಉಳಿದೆಲ್ಲ ಹಾಡುಗಳ ಹಿಂದೆ ಒಂದೇ ಸಮನೆ ಗುಂಯ್ ಅನ್ನುತ್ತದಲ್ಲ, ಅದು ಯಾವ ಸಿಂಥಸೈಜರ್ ಮೇಡಂ ಎಂದು ಮೈಸೂರಿನ ಕಾಲೇಜು ಹುಡುಗರು ಫೋನ್ ಮಾಡಿ ಕೇಳುತ್ತಾರೆ. ಸಿಂಥಸೈಜರೂ ಅಲ್ಲ, ಸುಡುಗಾಡೂ ಅಲ್ಲ. ಅದು ಮಹಾಲಕ್ಷ್ಮಮ್ಮನವರ ಹುರಿ ಮಿಷನ್ನು. ಕೊಳ್ಳೇಗಾಲದಲ್ಲಿ ಗುರುಪ್ರಕಾಶನ ಸ್ಟುಡಿಯೋ ಇರುವುದು ಮಹಡಿಯ ಮೇಲೆ. ಕೆಳಗೆ ಅವರದು, ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆ. ಕರೆಂಟು ಇದ್ದಷ್ಟು ಹೊತ್ತೂ ಗೋಡೆ, ನೆಲ, ಕುರ್ಚಿ, ನಮ್ಮ ಹಲ್ಲು, ಎಲ್ಲವೂ ಗುಂಯ್. ಅದನ್ನು ತಡೆಯಲು ಗೋಡೆಗೆ ಮೊಟ್ಟೆ ಟ್ರೇ ಬಡಿದೆವು, ಕಿಟಕಿಗೆ ಹಾಸಿಗೆ ಕಟ್ಟಿದೆವು. ಜಪ್ಪಯ್ಯ ಅಂದರೂ ನಿಲ್ಲಲಿಲ್ಲ. ಕೊನೆಗೆ ನಾನೇ ರೋಸಿಹೋಗಿ ಕೀಬೋರ್ಡನ್ನು ಆ ಗುಂಯ್‌ಗೇ ಶ್ರುತಿ ಮಾಡಿದೆ. ಈಗ ಅದನ್ನು ಏನೇನೋ ಹೊಗಳುತ್ತಾರೆ. ಹೊಗಳಲಿ, ನನ್ನ ಗಂಟೇನು ಹೋಗಬೇಕು.

ನಾನು ಮಾಲಿನಿ. ಹದಿನಾಲ್ಕು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದ್ದೇನೆ. ಗಣಪತಿ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್ನು, ಎಲ್ಲ ಕಡೆಯೂ ಅವೇ ಹಾಡುಗಳು, ಅವೇ ಶಿಳ್ಳೆಗಳು. ಮೂವತ್ತಾರು ತುಂಬಿದ ವರ್ಷ ನನಗೆ ಸಾಕಪ್ಪಾ ಸಾಕು ಅನ್ನಿಸಿತು. ನ್ಯೂ ವೇವ್ ಅನ್ನುವ ಒಂದು ಬಗೆಯ ಪಾಪ್ ಸಂಗೀತವನ್ನು ಫೋನಿನಲ್ಲಿ ಕೇಳಿ ಕೇಳಿ ತಲೆಗೆ ಹತ್ತಿಸಿಕೊಂಡಿದ್ದೆ. ಅದರಲ್ಲಿ ಡ್ರಮ್ಮನ್ನು ಮಿಷನ್ನು ಬಾರಿಸುತ್ತದೆ, ಬೇಸ್ ಗಿಟಾರು ಓಡುತ್ತದೆ, ಕೀಬೋರ್ಡು ತಣ್ಣಗಿರುತ್ತದೆ, ಹಾಡುವವರು ಅಳುವುದೂ ಇಲ್ಲ ನಗುವುದೂ ಇಲ್ಲ. ಆದರೂ ಕೇಳುವವರ ಕಾಲು ಸುಮ್ಮನಿರುವುದಿಲ್ಲ. ನನ್ನ ಕಾಲಂತೂ ಹುಟ್ಟಿದಾಗಿನಿಂದ ಸುಮ್ಮನಿದ್ದದ್ದಿಲ್ಲ. ಕೂತು ಕಾಲಲ್ಲಾಡಿಸಬೇಡ, ಮನೆಗೆ ದರಿದ್ರ ಎಂದು ಅವ್ವ ಬೈದು ಬೈದು ಸುಸ್ತಾಗಿದ್ದಳು. ಎಂಟು ಹಾಡಿನ ಆಲ್ಬಮ್ ಮಾಡೋಣ ಎಂದು ಗುರುಪ್ರಕಾಶನಿಗೆ ಗಂಟುಬಿದ್ದೆ. ಅವನಿಗೆ ಸ್ಟುಡಿಯೋ ಇದೆ, ಬೇಸ್ ಗಿಟಾರ್ ಬರುತ್ತದೆ, ಆಗಲ್ಲ ಅನ್ನುವುದಕ್ಕೆ ಮಾತ್ರ ಬರುವುದಿಲ್ಲ. ಮೂರೂ ನನಗೆ ಅನುಕೂಲವೇ.

ಹಾಡಲು ಮೊದಲು ಕರೆದದ್ದು ನಮ್ಮ ಆರ್ಕೆಸ್ಟ್ರಾದ ಗಾಯಕಿ ಭವ್ಯಳನ್ನು. ಬಂಗಾರದಂಥ ಕಂಠ, ಅದೇ ತಾಪತ್ರಯ. ಮೊದಲ ಹಾಡು ಬಸ್ಸಿನ ಮೇಲೆ. ‘ಕೊಳ್ಳೇಗಾಲ, ಕಾಮಗೆರೆ, ಹನೂರು, ಅಜ್ಜೀಪುರ, ಬಸ್ಸು ನಿಲ್ಲದು, ನಾನೂ ನಿಲ್ಲೆನು’ ಎಂದು ಶುರು. ಭವ್ಯ ಕಾಮಗೆರೆ ದಾಟುವಷ್ಟರಲ್ಲಿ ಹನ್ನೆರಡು ಕಡೆ ಬಳುಕಿದಳು.

“ಬಳುಕಬೇಡ ಕಣೇ, ಸುಮ್ನೆ ಹೇಳು,” ಎಂದೆ.

“ಸುಮ್ನೆ ಏಳಕ್ಕೆ ನಾನೇನು ಬಸ್ ಕಂಡಕ್ಟ್ರಾ?” ಎಂದು ಹೆಡ್‌ಫೋನ್ ಕಿತ್ತಿಟ್ಟು ಹೊರಟೇಹೋದಳು. ಅವಳದ್ದೂ ತಪ್ಪಲ್ಲ, ಬಿಡಿ. ನನ್ನ ನಾಲಿಗೆ ಆವತ್ತು ಇನ್ನೂ ಏನೇನೋ ಅಂದಿತ್ತು.

ಅದೇ ಮಧ್ಯಾಹ್ನ ಪುಷ್ಪ ಬಂದಳು. ಗುರುಪ್ರಕಾಶನ ಸ್ಟುಡಿಯೋ ನಡೆಯುವುದು ಹಾಡಿನಿಂದಲ್ಲ, ಪ್ರಚಾರದ ಆಟೋಗಳಿಂದ. ಸೀರೆ ಸೇಲು, ಕಂದಾಯ ಕಟ್ಟಿ, ಪೋಲಿಯೋ ಹನಿ ಹಾಕಿಸಿ, ಎಲ್ಲವನ್ನೂ ಅಲ್ಲೇ ಓದಿಸಿ ರೆಕಾರ್ಡ್ ಮಾಡುತ್ತಾನೆ. ಎಲ್ಲಕ್ಕಿಂತ ಹೆಚ್ಚು ಸಾವಿನ ಸುದ್ದಿ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ನೆಂಟರಿಗೆ ಫೋನ್ ಹೋಗುವ ಹೊತ್ತಿಗೇ ಆಟೋಗೂ ಫೋನ್ ಹೋಗುತ್ತದೆ. ಮೈಕು ಕಟ್ಟಿದ ಆಟೋ ಸುತ್ತಲಿನ ಹತ್ತಾರು ಊರು ತಿರುಗಿ ಹೆಸರು ಹೇಳದಿದ್ದರೆ ಸತ್ತವರಿಗೆ ಮರ್ಯಾದೆ ಸಂದಂತಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು, ಮೂರೂ ತಾಲ್ಲೂಕಿನಲ್ಲಿ ಆ ದನಿ ಪುಷ್ಪಳದು.

ಅವಳು ಚೀಟಿ ನೋಡಿಕೊಂಡು ಓದಿದಳು. ಇಂಥ ಗ್ರಾಮದ ವಾಸಿ, ಇಂಥವರು ಇಂದು ಬೆಳಿಗ್ಗೆ ದೈವಾಧೀನರಾಗಿದ್ದಾರೆ, ಅಂತ್ಯಕ್ರಿಯೆಯು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಮೃತರ ಜಮೀನಿನಲ್ಲಿ ನೆರವೇರಲಿದೆ. ಒಂದು ಅಕ್ಷರ ಮೇಲೆ ಹೋಗಲಿಲ್ಲ, ಒಂದು ಅಕ್ಷರ ಕೆಳಗೆ ಬೀಳಲಿಲ್ಲ. ತುಂಬಿದ ಬಿಂದಿಗೆ ತುಳುಕದಂತೆ ಹೊತ್ತು ನಡೆಯುತ್ತಾರಲ್ಲ, ಹಾಗೆ. ನನ್ನ ಮೈಮೇಲೆ ಮುಳ್ಳೆದ್ದವು. ನಾನು ಫೋನಿನಲ್ಲಿ ಕೇಳುತ್ತಿದ್ದ ದನಿ ಇದೇ ಅಲ್ಲವೇ! ಹತ್ತು ವರ್ಷದಿಂದ ನಮ್ಮ ಬೀದಿಯಲ್ಲೇ ತಿರುಗುತ್ತಿದ್ದುದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

“ಪುಷ್ಪಾ, ಪದ ಹೇಳ್ತೀಯಾ?” ಎಂದೆ.

ಅವಳು ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದಳು. ಆಮೇಲೆ, “ನನ್ ಪದ ಯಾರ್ ಕೇಳರು ಅಕ್ಕ?” ಎಂದಳು.

ಪುಷ್ಪ ಯಳಂದೂರಿನವಳು. ಅಪ್ಪ ಚಿಕ್ಕಸಿದ್ದಯ್ಯ ಕೂಲಿ ಕೆಲಸ ಮಾಡುತ್ತಾರೆ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಓದು ಬರುತ್ತದೆ ಅಂತ ಯಾರೋ ಕರೆತಂದು ಮೈಕಿನ ಮುಂದೆ ನಿಲ್ಲಿಸಿದರು. ಈಗ ಇಪ್ಪತ್ತೊಂಬತ್ತು. ಅಂಗಡಿಗೆ ಹೋಗಿ ಅರ್ಧ ಕೇಜಿ ರವೆ ಕೊಡಿ ಅಂದರೆ ಅಂಗಡಿಯವನು ಬೆಚ್ಚಿಬೀಳುತ್ತಾನೆ. ಮದುವೆ ಮನೆಯಲ್ಲಿ ‘ಪುಷ್ಪಾ, ನೀನ್ ಸುಮ್ನೆ ಕೂತ್ಕೊ ಮಗ’ ಅನ್ನುತ್ತಾರೆ. ಬಸುರಿ ಹೆಂಗಸರಿರುವ ಮನೆಗಂತೂ ಅವಳೇ ಹೋಗುವುದಿಲ್ಲ. ಎರಡು ವರ್ಷದ ಹಿಂದೆ ಸಂತೇಮರಹಳ್ಳಿಯ ಕಡೆ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗನ ತಾಯಿಗೆ ಇವಳು ಫೋನ್ ಮಾಡಿ, “ಅಮ್ಮಾ, ನಾನು ಪುಷ್ಪ,” ಅಂದಳಂತೆ, ಅಷ್ಟೇ. ಆ ಹೆಂಗಸು ಫೋನ್ ಕೆಳಗೆ ಹಾಕಿ ಅಳತೊಡಗಿದರಂತೆ. ಅವರ ಗಂಡನ ಸುದ್ದಿ ಊರಿಗೆ ಸಾರಿದ್ದು ಇದೇ ದನಿ. ಸಂಬಂಧ ಅಲ್ಲಿಗೇ ಮುರಿಯಿತು.

ಇದನ್ನೆಲ್ಲ ಅವಳು ಸಾವಿನ ಸುದ್ದಿ ಓದುವ ಹಾಗೇ ಹೇಳಿ ಮುಗಿಸಿದಳು. ಕೊನೆಗೆ ಮಾತ್ರ ನನ್ನ ಕೈ ಹಿಡಿದುಕೊಂಡು ಅಂದಳು:

“ಸಾವಲ್ದೆ ಬ್ಯಾರೆ ಏನಾರ ಒಂದ್ ಸತಿ ನನ್ ಬಾಯಿಂದ ಬರ್ಲಿ ಅಕ್ಕ. ಜನ ಎದುರ್ಕೊಳ್ದೆ ಕೇಳ್ಲಿ. ನಂಗೆ ಅಷ್ಟೇ ಸಾಕು.”

ನಾನು ಆಗಲೇ ಮಾತು ಕೊಟ್ಟೆ. ಈ ಆಲ್ಬಮ್ಮಿನ ಎಂಟೂ ಹಾಡು ನಿನ್ನವೇ ಎಂದೆ.

ರೆಕಾರ್ಡಿಂಗ್ ಹೇಗೆ ನಡೆಯಿತು ಅಂತೀರಾ? ವಾದ್ಯಗಳ ಹಿಂದೆ ಗುಂಯ್ ಇರಲಿ, ಪರವಾಗಿಲ್ಲ. ಆದರೆ ದನಿ ಹಿಡಿಯಲು ಮಿಷನ್ನು ನಿಲ್ಲಲೇಬೇಕು, ಮಿಷನ್ನು ನಿಲ್ಲಲು ಕರೆಂಟು ಹೋಗಬೇಕು. ಕರೆಂಟು ಹೋದರೆ ಕಂಪ್ಯೂಟರಿಗೆ ಯುಪಿಎಸ್ಸೇ ಗತಿ. ಅದರ ಬ್ಯಾಟರಿ ತಡೆಯುವುದು ಹದಿನೆಂಟೇ ನಿಮಿಷ. ಆ ಎಂಟೂ ಹಾಡಿನ ಹಾಡುಗಾರಿಕೆಯನ್ನು ನಾವು ಕರೆಂಟು ಹೋದ ಹದಿನೆಂಟು ಹದಿನೆಂಟು ನಿಮಿಷಗಳಲ್ಲಿ ಹಿಡಿದದ್ದು. ಪುಷ್ಪ ಬೆಳಿಗ್ಗೆ ಯಳಂದೂರಿನಿಂದ ಬಸ್ಸು ಹತ್ತಿ ಬಂದು, ಹೆಡ್‌ಫೋನ್ ಹಾಕಿಕೊಂಡೇ ಕೂತಿರುತ್ತಿದ್ದಳು. ನಾನು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದೆ. ಗುರುಪ್ರಕಾಶ ಉಗುರು ಕಚ್ಚುತ್ತಿದ್ದ. ಯಾವಾಗ ಹೋಗುತ್ತದೆಂದು ಯಾರಿಗೆ ಗೊತ್ತು! ಕೆಲವು ದಿನ ಸಂಜೆಯವರೆಗೂ ಹಾಳಾದ್ದು ಹೋಗುತ್ತಲೇ ಇರಲಿಲ್ಲ. ಊರಿನವರೆಲ್ಲ ಕರೆಂಟು ಬರಲಿ ಎಂದು ಬೇಡಿಕೊಂಡರೆ ನಾನು ಹೋಗಲಪ್ಪಾ ಎಂದು ಕೈ ಮುಗಿಯುತ್ತಿದ್ದೆ.

ಹೋದ ಕೂಡಲೇ ಕೆಳಗೆ ಮಹಾಲಕ್ಷ್ಮಮ್ಮನವರ ಬೈಗುಳ, ಮೇಲೆ ನಮ್ಮ ಗಡಿಬಿಡಿ. ಯುಪಿಎಸ್ ಕೀಂಯ್ ಕೀಂಯ್ ಎಂದು ಬಡಿದುಕೊಳ್ಳುತ್ತಿತ್ತು. ಅದರ ಬಾಯಿ ಮುಚ್ಚಿಸಲು ಬಾರದೆ, ಡ್ರಮ್ಮಿನ ಲಯವನ್ನು ಅದಕ್ಕೇ ಕೂಡಿಸಿದೆವು. ಹಾಡುಗಳೆಲ್ಲ ಯಾಕೆ ಅಷ್ಟು ಚಿಕ್ಕವು, ಅಷ್ಟು ಅವಸರ ಅಂತ ಕೇಳುತ್ತಾರೆ. ಬ್ಯಾಟರಿ ಸ್ವಾಮಿ, ಬ್ಯಾಟರಿ.

ಹೀಗೆ ಆರು ತಿಂಗಳು. ಎಂಟು ಹಾಡೂ ಮುಗಿದವು. ಮೊದಲು ಜನಕ್ಕೆ ಕೇಳಿಸೋಣ, ಆಮೇಲೆ ಯೂಟ್ಯೂಬಿಗೆ ಹಾಕೋಣ ಎಂದು ಗುರುಪ್ರಕಾಶ ಅಂದ. ಹೇಗೆ ಕೇಳಿಸುವುದು? ನಮ್ಮ ಹತ್ತಿರ ಆಟೋ ಇದೆಯಲ್ಲ! ಪ್ರಚಾರದ ಆಟೋ ಓಡಿಸುವ ಮಾದೇಶಣ್ಣನಿಗೆ ಬಸ್ಸಿನ ಹಾಡು ಕೊಟ್ಟೆವು. ಒಂದು ಗುರುವಾರ ಹನ್ನೊಂದು ಗಂಟೆಗೆ ಹನೂರಿನ ಬಸ್‌ಸ್ಟ್ಯಾಂಡಿನಿಂದ ಹೊರಟಿತು ನಮ್ಮ ಸವಾರಿ. ಮಾದೇಶಣ್ಣನ ಹಿಂದೆ ನಾನು ಮತ್ತು ಪುಷ್ಪ. ಅವಳು ಆವತ್ತು ಹೊಸ ಹಸಿರು ಸೀರೆ ಉಟ್ಟು ಬಂದಿದ್ದಳು.

ನಮ್ಮ ಬುದ್ಧಿಗೆ ಏನು ಬಡಿದಿತ್ತೋ! ಅದೇ ಆಟೋ, ಅದೇ ಮೈಕು, ಅದೇ ದನಿ. ಅದರ ಮೇಲೆ ಸಾಲಾಗಿ ಊರುಗಳ ಹೆಸರು. ಆರು ತಿಂಗಳು ಅದನ್ನೇ ಕೇಳಿ ನಮ್ಮ ಕಿವಿಗೆ ಅದು ಹಾಡೇ ಆಗಿಹೋಗಿತ್ತು. ಹನೂರಿನವರ ಕಿವಿಗೆ? ‘ಕೊಳ್ಳೇಗಾಲ, ಕಾಮಗೆರೆ’ ಅನ್ನುವಷ್ಟರಲ್ಲಿ ಒಬ್ಬ ಅಂಗಡಿಯವನು ಎದ್ದು ಬಾಗಿಲನ್ನು ಅರ್ಧ ಎಳೆದ. ಅವನನ್ನು ನೋಡಿ ಪಕ್ಕದವನೂ ಎಳೆದ. ಟೀ ಅಂಗಡಿಯ ಪುಟ್ಟಮಲ್ಲಪ್ಪ ರೇಡಿಯೋ ಆರಿಸಿ, ತಲೆಗೆ ಸುತ್ತಿದ್ದ ಟವೆಲ್ಲು ತೆಗೆದು ನಿಂತ. ಒಬ್ಬ ಮುದುಕಿ ಆಟೋದ ಕಂಬಿ ಹಿಡಿದುಕೊಂಡು, “ಕಾಮಗೆರೇಲಿ ಯಾರಪ್ಪಾ? ನನ್ ತಂಗಿ ಮನೆ ಅಲ್ಲೇ ಅದೆ, ಯಾರಪ್ಪಾ?” ಎಂದು ಜೊತೆಗೇ ಓಡತೊಡಗಿದಳು. ಅಷ್ಟರಲ್ಲಿ ಡ್ರಮ್ಮು, ಬೇಸು ಶುರುವಾಯಿತು.

ಪುಟ್ಟಮಲ್ಲಪ್ಪ ಅಡ್ಡ ಬಂದು ಆಟೋ ನಿಲ್ಲಿಸಿದ. “ಸಾವಿನ ಸುದ್ದೀಗೆ ಕುಣಿಯೋ ಮ್ಯೂಸಿಕ್ಕಾ? ಮಾನ ಮರ್ಯಾದೆ ಅದೇನ್ಲಾ ಮಾದೇಶ? ಯಾರ್ಲಾ ಓಗಿರೋದು?”

“ಯಾರೂ ಓಗಿಲ್ಲ ಕಣಣ್ಣೋ, ಇದು ಪದ,” ಎಂದ ಮಾದೇಶಣ್ಣ.

“ಪದ ಏಳಕ್ಕೆ ಇವ್ಳೇ ಬೇಕಾಗಿತ್ತಾ? ಸುಮ್ಸುಮ್ನೆ ಎದೆ ಒಡ್ಕೊಂಡೋಯ್ತು.”

ಪುಷ್ಪ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಸೀಟಿನ ಮೂಲೆಗೆ ಒತ್ತಿಕೊಂಡಳು. ಕೊಳ್ಳೇಗಾಲ ಮುಟ್ಟಿದ ಕೂಡಲೇ ಇಳಿದು ಯಳಂದೂರಿನ ಬಸ್ಸು ಹತ್ತಿದಳು. ನನಗೆ ಅವಳ ಮೇಲೆ ಅಲ್ಲ, ಹನೂರಿನ ಮೇಲೆ, ಗುರುಪ್ರಕಾಶನ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ ರೇಗಿಹೋಗಿತ್ತು.

ಆಮೇಲೆ ನಾನು ಮಾಡಿದ್ದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ಭವ್ಯಳನ್ನು ಕರೆಸಿದೆ. “ತಪ್ಪಾಯ್ತು ಕಣೇ, ಬಾರೇ,” ಎಂದು ಕಾಲು ಹಿಡಿಯುವುದೊಂದು ಬಾಕಿ. ಬಂದಳು, ಬಳುಕುವುದನ್ನು ಆದಷ್ಟು ಕಡಿಮೆ ಮಾಡಿದಳು, ನಾಲ್ಕು ದಿನದಲ್ಲಿ ಮೂರು ಹಾಡು ಹಾಡಿದಳು. ಚೆನ್ನಾಗಿದ್ದವು. ಕೇಳಿದವರು ಯಾರೂ ಬೆಚ್ಚುತ್ತಿರಲಿಲ್ಲ. ಯಾರೂ ತಿರುಗಿಯೂ ನೋಡುತ್ತಿರಲಿಲ್ಲ, ಆ ಮಾತು ಬೇರೆ. ಪುಷ್ಪಳಿಗೆ ಏನು ಹೇಳುವುದು ಎಂದು ಗುರುಪ್ರಕಾಶ ಕೇಳಿದ. ನೋಡೋಣ ಬಿಡು ಎಂದೆ.

ಐದನೇ ದಿನ ಪುಷ್ಪ ಯಾರದೋ ಸುದ್ದಿ ಓದಲು ಬಂದಳು. ಮೈಕಿನ ಮುಂದೆ ಕೂತು ಹೆಡ್‌ಫೋನ್ ಹಾಕಿಕೊಂಡಾಗ ಗುರುಪ್ರಕಾಶ ಗಡಿಬಿಡಿಯಲ್ಲಿ ಬೇರೆ ಫೈಲು ಒತ್ತಿದ. ಅವಳ ಕಿವಿಯಲ್ಲಿ ಭವ್ಯ ಬಸ್ಸಿನ ಹಾಡು ಹಾಡತೊಡಗಿದಳು. ಪುಷ್ಪ ಪೂರ್ತಿ ಕೇಳಿದಳು. ಹೆಡ್‌ಫೋನ್ ತೆಗೆದು, ವೈರು ಸುತ್ತಿಟ್ಟು, ನನ್ನ ಕಡೆ ನೋಡಿದಳು.

“ಸತ್ತೋರ್ ಮನೆಗೆ ಬೇಕು ನಾನು. ಬದ್ಕಿರೋರ್ಗೆ ಬ್ಯಾಡ. ಅಲ್ವಾ ಅಕ್ಕ?”

ನಾನು ಕೀಬೋರ್ಡಿನ ಮೇಲಿಲ್ಲದ ಧೂಳನ್ನು ಒರೆಸತೊಡಗಿದೆ.

“ಹನೂರಲ್ಲಿ ನೋಡಿದೆಯಲ್ಲ ಪುಷ್ಪಾ…” ಎಂದು ತೊದಲಿದೆ.

“ನೋಡ್ದೆ. ಅವರ್ದು ತೆಪ್ಪಿಲ್ಲ, ಅವರ್ಗೆ ಗೊತ್ತಿರ್ನಿಲ್ಲ. ನಿಂಗೆ ಗೊತ್ತಿತ್ತು.” ಅವಳ ದನಿ ಒಂದಿಷ್ಟೂ ಏರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಟಿತು. “ಇನ್ನೊಂದ್ ಸತಿ ಆಟೋ ಕೊಡಿ. ನಾನೇ ಮೈಕ್ ಇಡ್ಕಂಡು ಎದುರ್ಗೆ ನಿಂತು ಏಳ್ತೀನಿ. ಆಗ್ಲೂ ಯಾರ್ ಸತ್ತೋದ್ರು ಅಂತ ಕೇಳುದ್ರೆ ಭವ್ಯಕ್ಕನ್ನೇ ಆಕ್ಕೊಳ್ಳಿ. ನಾನ್ ಮತ್ತೆ ಮಾತೆತ್ತಲ್ಲ.”

ಆಗಲಿ ಎಂದೆ. ಹನೂರಿಗೆ ಮತ್ತೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ; ಅಲ್ಲಿಂದ ಮುಂದೆ ಅಜ್ಜೀಪುರಕ್ಕೆ ಹೋದೆವು. ಬೆಳಿಗ್ಗೆ ಒಂಬತ್ತು ಗಂಟೆ. ಗುರುಪ್ರಕಾಶನೂ ಗಿಟಾರು ಹಿಡಿದುಕೊಂಡು ಬಂದಿದ್ದ, ನಾನು ಕೀಬೋರ್ಡನ್ನು ತೊಡೆ ಮೇಲೆ ಇಟ್ಟುಕೊಂಡೆ. ಊರ ನಡುವಿನ ಅರಳಿಕಟ್ಟೆಯ ಪಕ್ಕ ಮಾದೇಶಣ್ಣ ಆಟೋ ನಿಲ್ಲಿಸಿದ. ಪುಷ್ಪ ಕೆಳಗಿಳಿದು ಮೈಕು ಹಿಡಿದಳು.

“ಕೊಳ್ಳೇಗಾಲ. ಕಾಮಗೆರೆ. ಹನೂರು. ಅಜ್ಜೀಪುರ.”

ಮನೆಮನೆಯ ಬಾಗಿಲು ತೆರೆದವು. ಒಲೆ ಮುಂದಿದ್ದವರು ಕೈ ಒರೆಸಿಕೊಂಡು ಬಂದರು. ಹೊಲಕ್ಕೆ ಹೊರಟವರು ಕುಡುಗೋಲು ಹಿಡಿದೇ ನಿಂತರು. ಒಬ್ಬಾಕೆ ದೂರದಿಂದಲೇ ಕೂಗಿದಳು: “ಯಾರವ್ವ? ಯಾರ್ ಓದ್ರು?”

ಮುಗಿಯಿತು. ನಾನು ಕೀಬೋರ್ಡಿನಿಂದ ಕೈ ತೆಗೆದೆ. ಗುರುಪ್ರಕಾಶ ತಲೆ ತಗ್ಗಿಸಿದ. ಪುಷ್ಪ ಮೈಕನ್ನು ಬಾಯಿಯ ಹತ್ತಿರ ಹಿಡಿದು, ಅದೇ ಓದುವ ದನಿಯಲ್ಲಿ ಹೇಳಿದಳು:

“ಅಜ್ಜೀಪುರ ಗ್ರಾಮದ ಮಹಾಜನಗಳಲ್ಲಿ ವಿನಂತಿ. ಇಂದು ಯಾರೂ ಸತ್ತಿಲ್ಲ. ಯಳಂದೂರಿನ ಚಿಕ್ಕಸಿದ್ದಯ್ಯನವರ ಮಗಳು ಪುಷ್ಪ ಬದುಕಿದ್ದಾಳೆ. ಅವಳು ಒಂದು ಪದ ಹೇಳಬೇಕೆಂದು ಬಂದಿದ್ದಾಳೆ. ಕೇಳುವವರು ಕೇಳಿ. ಬೇಡವಾದವರು ಒಳಗೆ ಹೋಗಿ.”

ಒಬ್ಬ ಗಂಡಸು ಫಕ್ಕನೆ ನಕ್ಕ. ಇನ್ನಿಬ್ಬರು ನಕ್ಕರು. “ಏಳವ್ವ, ಏಳವ್ವ” ಎಂದು ಕಟ್ಟೆಯ ಮೇಲಿದ್ದವರು ಜಾಗ ಮಾಡಿಕೊಂಡು ಕೂತರು. ನಾನು ದಡಬಡಿಸಿ ಡ್ರಮ್ಮಿನ ಬಟನ್ ಒತ್ತಿದೆ. ಪುಷ್ಪ ಹಾಡಿದಳು. ಎರಡೂವರೆ ನಿಮಿಷದ ಹಾಡು. ಯಾರೂ ಒಳಗೆ ಹೋಗಲಿಲ್ಲ. ಆದರೆ ಯಾರೂ ಹತ್ತಿರಕ್ಕೂ ಬರಲಿಲ್ಲ. ಆಟೋ ಸುತ್ತ ಹತ್ತು ಮಾರು ಜಾಗ ಖಾಲಿ ಬಿಟ್ಟೇ ನಿಂತಿದ್ದರು. ಹಾಡು ಮುಗಿದಾಗ ಪುಷ್ಪಳ ಕಣ್ಣು ಆ ಖಾಲಿ ಜಾಗದ ಮೇಲೇ ಇತ್ತು.

ಆ ಜಾಗವನ್ನು ದಾಟಿಕೊಂಡು ಒಬ್ಬ ಹೆಂಗಸು ಬಂದರು. ಅರವತ್ತರ ಆಸುಪಾಸು, ಹಣೆ ಬರಿದು. ಗೋವಿಂದಮ್ಮ ಎಂದು ಆಮೇಲೆ ತಿಳಿಯಿತು. ಅವರು ನೇರವಾಗಿ ಪುಷ್ಪಳ ಮುಂದೆ ನಿಂತು ಮುಖ ನೋಡಿದರು.

“ನೀನೇನವ್ವ ಅದು? ಮೊಕ ನೋಡಿರ್ನಿಲ್ಲ. ನನ್ ಮಗ ನಾಗರಾಜು ಓಗಿ ಮೂರ್ ವರ್ಸ ಆಯ್ತು. ನೀನೇ ಏಳ್ದೆ ಅವತ್ತು.”

“ತೆಪ್ಪಾಯ್ತು ಕಣವ್ವ,” ಎಂದಳು ಪುಷ್ಪ.

“ಏನ್ ತೆಪ್ಪು? ಅವತ್ತಿಂದ ಈಚೆಗೆ ಅವನ ಎಸರ ಯಾರೂ ಗಟ್ಟಿಯಾಗಿ ಏಳಿಲ್ಲ. ನನ್ ಮುಂದೆ ಅಂದ್ರೆ ನಾನ್ ಅತ್ತೇನು ಅಂತ ಎಲ್ರೂ ನುಂಗ್ಕೋತರೆ. ಸೊಸೆನೂ ನುಂಗ್ತಳೆ, ನಾನೂ ನುಂಗ್ತೀನಿ. ಅಷ್ಟು ಚೆಂದಾಗಿ, ಊರಿಗೆಲ್ಲ ಕೇಳಂಗೆ ಏಳ್ದೋಳು ನೀನೊಬ್ಳೇ.” ಗೋವಿಂದಮ್ಮ ಅವಳ ಕೈಯನ್ನು ಮೈಕಿನ ಸಮೇತ ಹಿಡಿದುಕೊಂಡರು. “ಇನ್ನೊಂದ್ ಸತಿ ಏಳವ್ವ. ಸತ್ತ ಅನ್ಬ್ಯಾಡ. ಬರೀ ಎಸರು ಏಳು.”

ಪುಷ್ಪ ನನ್ನ ಕಡೆ ನೋಡಿದಳು. ನನ್ನ ಬೆರಳು ಕೀಬೋರ್ಡಿನ ಮೇಲೆ ತಾನಾಗಿ ಬಿತ್ತು. ಅವಳು ಬಸ್ಸಿನ ಹಾಡನ್ನೇ ಮತ್ತೆ ಎತ್ತಿಕೊಂಡು, ಊರಿನ ಹೆಸರಿದ್ದ ಕಡೆ ನಾಗರಾಜು ಎಂದಳು. ನಾಗರಾಜು. ಬಸ್ಸು ನಿಲ್ಲದು. ನಾಗರಾಜು. ಕಟ್ಟೆಯ ಮೇಲಿಂದ ಯಾರೋ, “ನಮ್ಮಪ್ಪ ಕೆಂಪನಂಜಪ್ಪ ಕಣಕ್ಕೋ,” ಎಂದರು. ಅದನ್ನೂ ಸೇರಿಸಿದಳು. ಇನ್ನೊಬ್ಬರು ಮಹಾದೇವಮ್ಮ ಎಂದರು. ಜನ ಒಬ್ಬೊಬ್ಬರಾಗಿ ಹತ್ತಿರ ಬಂದು ಹೆಸರು ಕೊಡತೊಡಗಿದರು. ಕೆಲವರು ಅಳುತ್ತಿದ್ದರು, ಅಳುತ್ತಲೇ ಅವರ ಕಾಲು ತಾಳ ಹಾಕುತ್ತಿತ್ತು. ಆಟೋ ಸುತ್ತ ಕಾಲಿಡಲು ಜಾಗವಿರಲಿಲ್ಲ. ಗುರುಪ್ರಕಾಶ ಅಳುತ್ತಾ ತಪ್ಪು ತಪ್ಪಾಗಿ ಗಿಟಾರು ನುಡಿಸಿದ. ಅದನ್ನೆಲ್ಲ ಮಾದೇಶಣ್ಣ ತನ್ನ ಫೋನಿನಲ್ಲಿ ಹಿಡಿದದ್ದೇ ಆಲ್ಬಮ್ಮಿನಲ್ಲಿದೆ. ತಪ್ಪುಗಳನ್ನು ನಾನು ತೆಗೆಸಲಿಲ್ಲ.

ಮುಗಿದ ಮೇಲೆ ಗೋವಿಂದಮ್ಮ, “ಒಳಿಕ್ ಬಾವ್ವ, ಏನಾರ ಉಣ್ಣುವಂತೆ,” ಎಂದು ಎದುರಿನ ಹೆಂಚಿನ ಮನೆಗೆ ಕರೆದುಕೊಂಡು ಹೊರಟರು. ನಾನೂ ಹಿಂದೆ ಹೋದೆ. ಜಗಲಿ ಹತ್ತುವಾಗ ಒಳಗೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ತುಂಬು ಬಸುರಿ ಹೆಂಗಸು ಕಂಡಳು. ಪುಷ್ಪ ಬೆಂಕಿ ತುಳಿದವಳಂತೆ ಹಿಂದೆ ಸರಿದಳು.

“ಬ್ಯಾಡ ಕಣವ್ವ. ಬಸುರಿ ಎಂಗ್ಸು ಅವ್ಳೆ. ನಾನ್ ಇಲ್ಲೇ ಕೂತ್ಕೋತೀನಿ.”

“ನನ್ ಮಗಳು ಕಣವ್ವ, ಬಾಣಂತನಕ್ಕೆ ಬಂದವ್ಳೆ,” ಎಂದರು ಗೋವಿಂದಮ್ಮ. “ಈಚಿಕ್ ಬರಕ್ಕೆ ಆಗ್ನಿಲ್ಲ ಅಂತ ಒಂದೇ ಸಮ ರಂಪ ಮಾಡ್ತಾ ಕೂತವ್ಳೆ. ಅವ್ಳೇ ಕರ್ಕೊಂಡ್ ಬಾ ಅಂದಿದ್ದು.”

ಪುಷ್ಪ ಹೊಸ್ತಿಲಿನ ಹೊರಗೇ ನಿಂತಳು. ಇಪ್ಪತ್ತೊಂಬತ್ತು ವರ್ಷದ ಹೆಣ್ಣು, ಕಾಲೆತ್ತಲು ಬಾರದೆ ನಿಂತಿದ್ದಳು. ಒಳಗಿನಿಂದ ಆ ಬಸುರಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಸಿಡುಕಿನಿಂದ ಕೂಗಿದಳು:

“ಎಷ್ಟೊತ್ ಬಾಗ್ಲಲ್ಲೇ ನಿಂತಿದ್ದೀಯಕ್ಕ? ಒಳಿಕ್ ಬಂದು ಸರ್ಯಾಗಿ ಏಳು. ಇದು ಒದೀತಾ ಅದೆ, ಇದ್ಕೂ ಕೇಳ್ಬೇಕಂತೆ.”

ಪುಷ್ಪ ಚಪ್ಪಲಿ ಬಿಟ್ಟು ಒಳಗೆ ಹೋದಳು.